ಉಗಾದಿಗೆ ಹಾಲ್ ಹೊಸದು: ಸುಣ್ಣ, ಮೊಳೆ ಮತ್ತು ಬಾಡಿಗೆ ಗೋಡೆ

ಇವತ್ತಿನ ಎಪಿಸೋಡ್ ಶುರುವಾಗೋದು ಒಂದು ಲೆಕ್ಕದಿಂದ.

ಹೋದ ವರ್ಷ ನಾನು ಬೆಂಗಳೂರಲ್ಲೇ ಮನೆ ಬದಲಾಯಿಸಿದೆ. ಹಳೇ ಮನೆಯ ಓನರ್ ಅಡ್ವಾನ್ಸ್ ವಾಪಸ್ ಕೊಡುವಾಗ 16,000 ರೂಪಾಯಿ ಹಿಡ್ಕೊಂಡ್ರು. ಯಾಕೆ ಸಾರ್ ಅಂದ್ರೆ, ಪೇಂಟಿಂಗ್ ಚಾರ್ಜ್ ಅಂದ್ರು. ಒಂದು ತಿಂಗಳ ಬಾಡಿಗೆ. ನಾನು ಆ ಗೋಡೆಗೆ ಮಾಡಿದ ಅನ್ಯಾಯ ಅಂದ್ರೆ ಹಾಲ್‌ನಲ್ಲಿ ಹೊಡೆದ ಮೂರು ಮೊಳೆ. ಒಂದು ಮೊಳೆಗೆ ಐದು ಸಾವಿರದ ಮುನ್ನೂರು ಚಿಲ್ಲರೆ ಬಿತ್ತು. ಬೆಂಗಳೂರಲ್ಲಿ ಬಾಡಿಗೆಗೆ ಇರೋರು ಈಗ ತಲೆ ಅಲ್ಲಾಡಿಸ್ತಿರ್ತೀರಾ, ಗೊತ್ತು.

ಹೊಸ ಮನೆಯ ಅಗ್ರಿಮೆಂಟ್‌ನಲ್ಲಿ ಮೊಳೆ ಹೊಡೆಯೋ ಹಾಗಿಲ್ಲ, ಬಣ್ಣ ಬದಲಾಯಿಸೋ ಹಾಗಿಲ್ಲ ಅಂತ ಬರೆದೇ ಇದೆ. ಈ ಸಲ ಉಗಾದಿ ಹತ್ರ ಬಂದಾಗ ಹಾಲ್ ಸ್ವಲ್ಪ ಹೊಸದು ಮಾಡೋಣ ಅನ್ನಿಸ್ತು. ಬಜೆಟ್ ಸಾವಿರ ರೂಪಾಯಿ. ಫೋನ್ ತೆಗೆದು ರೀಲ್ಸ್ ನೋಡಿದ್ರೆ, ಸ್ಪ್ರಿಂಗ್ ಡೆಕೋರ್ ಅಂತ ಟ್ಯೂಲಿಪ್ ಹೂವು, ತೆಳು ಗುಲಾಬಿ ಕುಶನ್, ಬಿಳೀ ಉಣ್ಣೆ ಹೊದಿಕೆ. ಆರು ತಿಂಗಳು ಚಳಿ, ಕತ್ತಲು ಅನುಭವಿಸಿದ ದೇಶದವರಿಗೆ ಅದು ಸರಿ. ನಮ್ಮ ವಸಂತ ಬೇರೆ. ಹೊಂಗೆ ಚಿಗುರುತ್ತೆ, ಬೇವು ಹೂ ಬಿಡುತ್ತೆ, ಜೊತೆಗೇ ಫ್ಯಾನ್ ಸ್ಪೀಡ್ ಐದಕ್ಕೆ ಹೋಗುತ್ತೆ. ಅಂಥ ಸೆಕೆಗೆ ಉಣ್ಣೆ ಹೊದಿಕೆ ಯಾರಿಗೆ ಬೇಕು?

ಹಾಗಾದ್ರೆ ನಮ್ಮಲ್ಲಿ ವಸಂತಕ್ಕೆ ಮನೆ ಹೇಗೆ ಹೊಸದು ಮಾಡ್ತಿದ್ರು? ನಾನು ಅಂದ್ಕೊಂಡಿದ್ದ ಎಪಿಸೋಡ್ ತುಂಬಾ ಸುಲಭದ್ದು. ಅಜ್ಜಿ ಕಾಲದಲ್ಲಿ ಪುಗಸಟ್ಟೆ ಸಿಗ್ತಿದ್ದ ಸಾಮಾನಲ್ಲೇ ಎಲ್ಲಾ ಆಗೋದು, ಸುಣ್ಣ ಎಷ್ಟು ಒಳ್ಳೇದು, ನಾವು ಯಾಕೆ ಬಿಟ್ವಿ, ಅಂತ ಇಪ್ಪತ್ತು ನಿಮಿಷ ಹೇಳಿ ಮುಗಿಸೋದು. ಅದು ಹಾಗೆ ಮುಗೀಲಿಲ್ಲ.

ಅಜ್ಜಿ ಮನೆ ತಿಪಟೂರು ಕಡೆ. ಅಲ್ಲಿ ಹಾಲ್ ಅನ್ನೋ ಪದ ಇರ್ಲಿಲ್ಲ. ಪಡಸಾಲೆ ಅಂತಿದ್ರು. ಕೆಲವು ಕಡೆ ಹಜಾರ, ಕೆಲವು ಕಡೆ ನಡುಮನೆ. ಸೋಫಾ ಇಲ್ಲ, ಟೀಪಾಯಿ ಇಲ್ಲ. ಹಗಲು ಬಂದವರು ಕೂರೋದು, ರಾತ್ರಿ ಮನೆಯವರು ಮಲಗೋದು, ಕೊಯ್ಲಾದ ಮೇಲೆ ರಾಗಿ ಮೂಟೆ ಇಡೋದು, ಎಲ್ಲಾ ಅಲ್ಲೇ. ಪಕ್ಕದಲ್ಲೇ ಸೌದೆ ಒಲೆ. ವರ್ಷವಿಡೀ ಹೊಗೆ. ಗೋಡೆ ಮೇಲ್ಗಡೆ ಕಾಡಿಗೆ ಬಳಿದ ಹಾಗೆ ಕಪ್ಪು ಹಿಡಿದಿರೋದು. ಆದ್ದರಿಂದ ಉಗಾದಿಗೆ ಒಂದು ವಾರ ಇರುವಾಗ ಸುಣ್ಣ ಬಳಿಯೋದು ಅಲಂಕಾರ ಅನ್ನೋದಕ್ಕಿಂತ ಹೆಚ್ಚಾಗಿ ವರ್ಷದ ಹೊಗೆಯ ಲೆಕ್ಕ ಚುಕ್ತಾ ಮಾಡೋ ಕೆಲಸ.

ಹೊತ್ತೂ ಲೆಕ್ಕಾಚಾರದ್ದೇ. ಸುಗ್ಗಿ ಮುಗಿದಿರುತ್ತೆ, ಕೈಯಲ್ಲಿ ಸ್ವಲ್ಪ ಬಿಡುವಿರುತ್ತೆ, ಮಳೆ ಇನ್ನೂ ದೂರ. ಮಳೆಗಾಲದಲ್ಲಿ ಹೊರಗೋಡೆಗೆ ಸುಣ್ಣ ಬಳಿದ್ರೆ ತೊಳ್ಕೊಂಡು ಹೋಗುತ್ತೆ. ಹಾಗಂತ ನೆತ್ತಿ ಸುಡೋ ಬಿಸಿಲಲ್ಲಿ ಬಳಿದ್ರೂ ಆಗಲ್ಲ, ಬೇಗ ಒಣಗಿ ಪುಡಿ ಪುಡಿ ಉದುರುತ್ತೆ. ಅದಕ್ಕೇ ಬೆಳಗಿನ ಜಾವ ಶುರು. ಮೊದಲು ಗೋಡೆಗೆ ನೀರು ಚಿಮುಕಿಸಿ ಒದ್ದೆ ಮಾಡ್ಕೋಬೇಕು. ಕತ್ತಾಳೆ ನಾರು ಜಜ್ಜಿ ಕಟ್ಟಿದ ಕುಂಚ. ಸುಣ್ಣಕ್ಕೆ ಅಂಟು ಬರ್ಲಿ ಅಂತ ಅಕ್ಕಿ ಗಂಜಿ, ಬಿಳುಪು ಹೊಳೀಲಿ ಅಂತ ಚಿಟಿಕೆ ನೀಲಿ. ಕೆಳಗಡೆ ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ. ಯಾಕೆ ಅಂದ್ರೆ ಗೋಡೆಗೆ ಒರಗಿ ಕೂತವರ ಬೆನ್ನು, ಮಕ್ಕಳ ಕಾಲು, ನೆಲ ಸಾರಿಸುವಾಗ ಎರಚೋ ಸಗಣಿ ನೀರು, ಇವೆಲ್ಲಾ ತಾಗೋದು ಅಷ್ಟೆತ್ತರಕ್ಕೇ. ಇವತ್ತು ಇಂಟೀರಿಯರ್ ಡಿಸೈನರ್ ಹತ್ರ ಹೋದ್ರೆ ಇದೇ ಪಟ್ಟಿಗೆ ಒಂದು ಫ್ರೆಂಚ್ ಹೆಸರು ಹೇಳಿ ಚದರಡಿ ಲೆಕ್ಕದಲ್ಲಿ ದುಡ್ಡು ಕೇಳ್ತಾರೆ.

ಸುಣ್ಣದ ಕೆಮಿಸ್ಟ್ರಿ ನನಗೆ ತುಂಬಾ ಇಷ್ಟ, ಎರಡು ನಿಮಿಷ ಸಹಿಸ್ಕೊಳ್ಳಿ. ಸುಣ್ಣದ ಕಲ್ಲನ್ನು, ಕರಾವಳಿಯಲ್ಲಾದ್ರೆ ಚಿಪ್ಪನ್ನು, ಗೂಡಿನಲ್ಲಿ ಸುಮಾರು 900 ಡಿಗ್ರಿ ಶಾಖದಲ್ಲಿ ಸುಡ್ತಾರೆ. ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತೆ. ಅದಕ್ಕೆ ನೀರು ಹಾಕಿದ್ರೆ ಭುಸ್ ಅಂತ ಕುದಿಯುತ್ತೆ, ಉಂಡೆ ಒಡೆದು ಅರಳುತ್ತೆ. ಅರಳಿಸೋದು ಅನ್ನೋ ಪದಾನೇ ನೋಡಿ, ಹೂವಿಗೂ ಅದೇ, ಸುಣ್ಣಕ್ಕೂ ಅದೇ. ಆ ಅರಳಿದ ಸುಣ್ಣ ಗೋಡೆ ಮೇಲೆ ಕೂತ ಮೇಲೆ ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಎಳ್ಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತೆ. ಅಂದ್ರೆ ಪ್ರತಿ ಉಗಾದಿಗೆ ನಮ್ಮಜ್ಜಿ ಗೋಡೆಗೆ ಕಾಗದದಷ್ಟು ತೆಳ್ಳಗಿನ ಒಂದು ಪದರ ಕಲ್ಲು ಕಟ್ತಿದ್ರು. ಹಳೇ ಮನೆಗಳ ಗೋಡೆ ಮೂಲೆ ಕಿತ್ತು ನೋಡಿದ್ರೆ ಈರುಳ್ಳಿ ಸಿಪ್ಪೆ ಥರ ಪದರ ಪದರ ಕಾಣೋದು ಇದೇ ಕಾರಣಕ್ಕೆ.

ಈ ಕೆಲಸ ಎಷ್ಟು ಸುಸ್ತು ಅನ್ನೋದಕ್ಕೆ ಸಾಕ್ಷಿ ಬೇಕಾದ್ರೆ ನಮ್ಮ ಭಾಷೆಯಲ್ಲೇ ಇದೆ. ಸೋತು ಸುಣ್ಣವಾದೆ ಅಂತೀವಲ್ಲ, ಆ ಮಾತನ್ನು ನಾನು ಯಾವತ್ತೂ ಯೋಚನೆ ಮಾಡಿರ್ಲಿಲ್ಲ. ಬೆಂದು, ಬಿರಿದು, ಪುಡಿಯಾಗಿ ಕೂತ ವಸ್ತು ಅದು.

ಸುಣ್ಣ ಹಬ್ಬದ ಸಂಭ್ರಮವಾಗಿ ಮಾತ್ರ ಉಳಿದಿರ್ಲಿಲ್ಲ, ಒಂದು ಕಾಲದಲ್ಲಿ ಸರ್ಕಾರದ ಹುಕುಂ ಕೂಡ ಆಗಿತ್ತು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. 1897ರಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದ್ರು. 2020ರ ಕೋವಿಡ್ ಹೊತ್ತಲ್ಲಿ ನ್ಯೂಸ್‌ನಲ್ಲಿ ದಿನಾ ಕೇಳಿದ್ರಲ್ಲ, ಅದೇ ಕಾಯ್ದೆ. ಹುಬ್ಬಳ್ಳಿ, ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿದ್ವು. 1898ರಲ್ಲಿ ಹುಬ್ಬಳ್ಳಿ ಪ್ಲೇಗಿಗೆ ನಲುಗಿಹೋಯ್ತು. ಅದೇ ವರ್ಷ ಆಗಸ್ಟ್‌ನಲ್ಲಿ ರೋಗ ಬೆಂಗಳೂರಿಗೂ ಬಂತು.

ಮುಂಬಯಿ ಪ್ರಾಂತ್ಯದಲ್ಲಿ ಪ್ಲೇಗ್ ಅಧಿಕಾರಿಗಳು ಮನೆಯೊಳಗೆ ನುಗ್ತಿದ್ರು. ಸಾಮಾನು ಹೊರಗೆ ಹಾಕಿ, ಗಾಳಿ ಬೆಳಕು ಬರ್ಲಿ ಅಂತ ಹೆಂಚು ತೆಗೆಸಿ, ಗೋಡೆಗೆಲ್ಲಾ ಸುಣ್ಣ ಹೊಡೆಸ್ತಿದ್ರು. ಸುಣ್ಣದ ನೀರು ತೀಕ್ಷ್ಣ ಕ್ಷಾರ, ಅದರಲ್ಲಿ ಸೂಕ್ಷ್ಮಜೀವಿಗಳು ಬದುಕೋದು ಕಷ್ಟ. ಹಾಗಾಗಿ ಅದು ದಡ್ಡ ಉಪಾಯ ಏನಲ್ಲ. ಆದ್ರೆ ಪ್ಲೇಗ್ ಹರಡ್ತಿದ್ದಿದ್ದು ಗೋಡೆಯಿಂದಲ್ಲ, ಇಲಿ ಮೈಮೇಲಿನ ಚಿಗಟದಿಂದ. ಪಾಲ್ ಲೂಯಿ ಸಿಮೋಂಡ್ ಅನ್ನೋ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕೂತು ಅದನ್ನು ತೋರಿಸಿಕೊಟ್ಟಿದ್ದೂ 1898ರಲ್ಲೇ. ತುಂಬಾ ವರ್ಷ ಯಾರೂ ನಂಬ್ಲಿಲ್ಲ. ಒಂದು ಕಡೆ ಕಾರಣ ಗೊತ್ತಾಗಿದೆ, ಇನ್ನೊಂದು ಕಡೆ ಜನರ ಪಡಸಾಲೆಗೆ ನುಗ್ಗಿ ಸುಣ್ಣ ಬಳಿತಾನೇ ಇದಾರೆ. ತಾನಾಗಿ ಬಳಿದ್ರೆ ಹಬ್ಬ, ಬೇರೆಯವರು ಬಂದು ಬಳಿದ್ರೆ ಅವಮಾನ. ಸುಣ್ಣ ಮಾತ್ರ ಒಂದೇ.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬೆಳೆದಿದ್ದೇ ಈ ಪ್ಲೇಗಿನ ನೆರಳಲ್ಲಿ. ಇಕ್ಕಟ್ಟಾದ ಪೇಟೆಯಿಂದ ಹೊರಗೆ, ಅಗಲ ರಸ್ತೆ, ಮನೆಗಳ ನಡುವೆ ಜಾಗ, ಗಾಳಿ ಬೆಳಕು. ಇವತ್ತು ರೀಲ್ಸ್‌ನಲ್ಲಿ ವಿಂಟೇಜ್ ಬೆಂಗಳೂರು ಅಂತ ತೋರಿಸೋ ಆ ಮನೆಗಳ ದೊಡ್ಡ ಕಿಟಕಿಯ ಹಿಂದೆ ಒಂದು ಸಾವಿನ ಭಯ ಇದೆ.

ಗೋಡೆ ಆಯ್ತು. ಈಗ ಮೊಳೆ. ನನ್ನ 16,000 ರೂಪಾಯಿ ಹೋಗಿದ್ದು ಮೊಳೆಯಿಂದ ತಾನೆ?

ಗೋಡೆಗೆ ಚಿತ್ರ ತೂಗುಹಾಕೋದು ನಮ್ಮ ಸಾಮಾನ್ಯ ಮನೆಗಳಲ್ಲಿ ಬಹಳ ಹಳೇ ಪದ್ಧತಿ ಅಲ್ಲ. ಮೈಸೂರು ಶೈಲಿಯ, ತಂಜಾವೂರು ಶೈಲಿಯ ಚಿನ್ನದ ರೇಕಿನ ಚಿತ್ರಗಳು ಇದ್ವು ನಿಜ, ಆದ್ರೆ ಅವು ಅರಮನೆಗೆ, ಮಠಕ್ಕೆ, ಉಳ್ಳವರ ಮನೆಗೆ. ಅದನ್ನು ಬದಲಾಯಿಸಿದ್ದು ಅಚ್ಚಿನ ಯಂತ್ರ. ತಿರುವಾಂಕೂರಿನ ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಲಿಥೋಗ್ರಾಫ್ ಪ್ರೆಸ್ ಶುರು ಮಾಡಿದ್ರು. ಲಕ್ಷ್ಮಿ, ಸರಸ್ವತಿ, ಶಕುಂತಲೆ, ಎಲ್ಲರೂ ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನಂತೆ ಸಾವಿರಾರು ಪ್ರತಿ ಅಚ್ಚಾದ್ರು. ಇಲ್ಲೂ ಪ್ಲೇಗ್ ಅಡ್ಡ ಬಂತು. ಮುಂಬಯಿಯಲ್ಲಿ ಕೆಲಸಗಾರರು ಸಿಗದೆ, ಸಾಲ ಏರಿ, ಪ್ರೆಸ್ಸನ್ನು ಲೋಣಾವಳ ಹತ್ತಿರದ ಮಳವಲಿಗೆ ಸಾಗಿಸಿದ್ರು. ಕೊನೆಗೆ ಅಲ್ಲೇ ಕೆಲಸ ಮಾಡ್ತಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್‌ಗೆ ಮಾರಬೇಕಾಯ್ತು. ರವಿವರ್ಮರಿಗೆ ದುಡ್ಡು ಉಳೀಲಿಲ್ಲ, ಆದ್ರೆ ಲಕ್ಷ್ಮಿ ಮನೆಮನೆಗೆ ಹೋದ್ಲು.

ಕಲಾ ವಿಮರ್ಶಕರು ಆ ಚಿತ್ರಗಳನ್ನು ಕ್ಯಾಲೆಂಡರ್ ಆರ್ಟ್ ಅಂತ ಮೂಗು ಮುರಿದಿದ್ದೂ ಇದೆ. ನನ್ನ ಅಭಿಪ್ರಾಯ ಬೇರೆ. ಗುಡಿಯ ಹೊಸ್ತಿಲು ದಾಟೋಕೂ ಬಿಡದಿದ್ದ ಜಾತಿಗಳ ಮನೆಗೆ ದೇವರು ಬಂದಿದ್ದು ಈ ಅಗ್ಗದ ಕಾಗದದ ಮೇಲೆ. ಪೂಜಾರಿ ಬೇಡ, ಅಪ್ಪಣೆ ಬೇಡ, ಒಂದು ಮೊಳೆ ಸಾಕು. ಗೋಡೆ ಅಲಂಕಾರ ಅಂದ್ರೆ ಬರೀ ಅಂದ ಅಲ್ಲ ಅಂತ ನನಗೆ ಅನ್ನಿಸಿದ್ದು ಇಲ್ಲೇ. ಜನ ಆ ಚಿತ್ರಗಳನ್ನು ತಂದು ಸುಮ್ಮನೆ ತೂಗುಹಾಕ್ತಿರ್ಲಿಲ್ಲ. ದೇವಿಯ ಸೀರೆ ಮೇಲೆ ಜರಿ ಅಂಟಿಸೋದು, ಒಡವೆ ಜಾಗಕ್ಕೆ ಮಣಿ, ಚಮಕಿ ಕೂರಿಸೋದು. ಅಂಥವು ಈಗ ಮ್ಯೂಸಿಯಂಗಳಲ್ಲಿವೆ. ಅದನ್ನು ಮಾಡಿದ ಹೆಂಗಸರ ಹೆಸರು ಫ್ರೇಮಿನ ಕೆಳಗೆ ಎಲ್ಲೂ ಇರಲ್ಲ.

ಆಮೇಲೆ ಕ್ಯಾಲೆಂಡರ್ ಕಾಲ ಬಂತು. ನಮ್ಮ ಗುಲ್ಬರ್ಗದ ಎಸ್. ಎಂ. ಪಂಡಿತರು ಬರೆದ ಪುರಾಣದ ಚಿತ್ರಗಳು ದೇಶದ ಉದ್ದಗಲಕ್ಕೂ ಗೋಡೆ ಹತ್ತಿದ್ವು. ಶಿವಕಾಶಿಯ ಪ್ರೆಸ್‌ಗಳಲ್ಲಿ ಅಚ್ಚಾದ ಕ್ಯಾಲೆಂಡರನ್ನು ಕಿರಾಣಿ ಅಂಗಡಿಯವರು, ಬಟ್ಟೆ ಅಂಗಡಿಯವರು ಪುಕ್ಕಟೆ ಕೊಡ್ತಿದ್ರು. ವರ್ಷ ಮುಗಿದ ಮೇಲೆ ತಾರೀಖಿನ ಭಾಗ ಕತ್ತರಿಸಿ, ದೇವರ ಭಾಗಕ್ಕೆ ಕಟ್ಟು ಹಾಕಿಸಿದ್ರೆ ಮುಗೀತು. ನಮ್ಮಜ್ಜಿ ಮನೆ ಪಡಸಾಲೆಯಲ್ಲಿ ಅಂಥವು ಹನ್ನೊಂದು ಇದ್ವು. ಸುಣ್ಣ ಬಳಿಯೋ ದಿನ ಎಲ್ಲಾ ಇಳಿಸಿ, ಗಾಜು ಒರೆಸಿ, ಅದೇ ಮೊಳೆಗೆ ಮತ್ತೆ. ಫ್ರೇಮ್ ಇದ್ದ ಜಾಗದಲ್ಲಿ ಹೊಗೆ ತಾಗದ ಬಿಳೀ ಚೌಕ, ಸುತ್ತ ಕಪ್ಪು. ಚಿಕ್ಕೋಳಿದ್ದಾಗ ನನಗೆ ಆ ಬಿಳೀ ಚೌಕಗಳೇ ಬೇರೆ ಚಿತ್ರಗಳ ಥರ ಕಾಣ್ತಿದ್ವು.

ಇನ್ನು ಪೇಂಟ್. ಎರಡನೇ ಮಹಾಯುದ್ಧದ ಹೊತ್ತಲ್ಲಿ ವಿದೇಶಿ ಪೇಂಟಿನ ಆಮದಿಗೆ ಕಡಿವಾಣ ಬಿದ್ದಿದ್ದಾಗ, 1942ರಲ್ಲಿ ಮುಂಬಯಿಯ ನಾಲ್ಕು ಜನ ಗೆಳೆಯರು ಒಂದು ಗ್ಯಾರೇಜಿನಲ್ಲಿ ಏಷ್ಯನ್ ಪೇಂಟ್ಸ್ ಶುರು ಮಾಡಿದ್ರು. 1954ರಲ್ಲಿ ಆ ಕಂಪನಿಗೆ ಒಬ್ಬ ತುಂಟ ಹುಡುಗ ಬಂದ, ಗಟ್ಟು. ಕೈಯಲ್ಲಿ ಬ್ರಷ್ಷು, ಪೇಂಟ್ ಡಬ್ಬ, ಹಣೆ ಮೇಲೆ ಕೂದಲು. ಬರೆದವರು ಮೈಸೂರಿನ ಆರ್. ಕೆ. ಲಕ್ಷ್ಮಣ್. ನಿಮ್ಮ ಅಪ್ಪ ಅಮ್ಮನ್ನ ಕೇಳಿ, ನೆನಪಿರುತ್ತೆ. ಡಿಸ್ಟೆಂಪರ್ ಬಂತು, ಆಮೇಲೆ ಎಮಲ್ಶನ್. ಗುಲಾಬಿ, ತಿಳಿನೀಲಿ, ಗಿಳಿಹಸಿರು. ಅಷ್ಟರಲ್ಲಿ ಅಡುಗೆಮನೆಗೆ ಗ್ಯಾಸ್ ಬಂತು, ಹೊಗೆ ನಿಂತ್ಹೋಯ್ತು. ಹೊಗೆ ಇಲ್ಲದ ಮೇಲೆ ವರ್ಷಕ್ಕೊಂದ್ಸಲ ಬಳಿಯೋ ಅಗತ್ಯವೇ ಇಲ್ಲ.

ಒಂದು ಸಣ್ಣ ತಾಂತ್ರಿಕ ವಿಷಯ ಇಲ್ಲಿ ಎಲ್ಲಾ ಬದಲಾಯಿಸಿಬಿಡ್ತು. ಸುಣ್ಣ ಹಿಡೀಬೇಕಾದ್ರೆ ಗೋಡೆ ಅದನ್ನು ಹೀರ್ಕೋಬೇಕು. ಎಮಲ್ಶನ್ ಅಂದ್ರೆ ಗೋಡೆ ಮೇಲೆ ಪ್ಲಾಸ್ಟಿಕ್ ಪೊರೆ. ಒಮ್ಮೆ ಅದು ಬಿತ್ತು ಅಂದ್ರೆ ಅದರ ಮೇಲೆ ಸುಣ್ಣ ನಿಲ್ಲಲ್ಲ, ಉದುರಿಹೋಗುತ್ತೆ. ವಾಪಸ್ ಬರೋ ದಾರಿ ಇಲ್ಲ. ಮನೆಯವರೇ ಒಂದು ಬೆಳಿಗ್ಗೆ ಮಾಡಿ ಮುಗಿಸ್ತಿದ್ದ ಕೆಲಸ ಪುಟ್ಟಿ, ಪ್ರೈಮರ್, ಎರಡು ಕೋಟು, ಪೇಂಟರ್ ಕೂಲಿ ಅಂತಾಯ್ತು. ಗೋಡೆ ಆಸ್ತಿಯಾಯ್ತು. ಅದನ್ನು ಮುಟ್ಟಿದವನಿಗೆ 16,000.

ಹೀಗೆ ಬರ್ಕೊಂಡು, ಸುಣ್ಣಾನ ಹಾಡಿ ಹೊಗಳಿ ಎಪಿಸೋಡ್ ಮುಗಿಸೋಣ ಅಂತ, ಗಂಜಿ ಎಷ್ಟು ಹಾಕ್ತಿದ್ರಿ, ನೀಲಿ ಎಷ್ಟು ಅಂತ ಕೇಳೋಕೆ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅಜ್ಜಿ ಈಗಿಲ್ಲ. ದೊಡ್ಡಮ್ಮ ಅಮ್ಮನ ಅಕ್ಕ. ಅವರ ಎಡಗಣ್ಣು ಮಸುಕು. ನಾನು ಹುಟ್ಟಿದಾಗಿಂದ ಹಾಗೇ ನೋಡಿರೋದು, ಹುಟ್ಟಿನಿಂದ ಬಂದಿದ್ದು ಅಂದ್ಕೊಂಡಿದ್ದೆ. ಯಾವತ್ತೂ ಕೇಳಿರ್ಲಿಲ್ಲ.

ಅವರು ಎಲ್ಲಾ ಅಳತೆ ಸರಿಯಾಗಿ ಹೇಳಿದ್ರು. ಆಮೇಲೆ ತುಂಬಾ ಸಹಜವಾಗಿ, "ಮಕ್ಕಳನ್ನ ಹತ್ರ ಬಿಡ್ಬೇಡ, ಈ ಕಣ್ಣು ಹೋಗಿದ್ದು ಅದರಲ್ಲೇ" ಅಂದ್ರು.

ಅವರಿಗಾಗ ಹನ್ನೆರಡು ವರ್ಷ. ಉಗಾದಿಗೆ ನಾಲ್ಕು ದಿನ. ಅಜ್ಜಿ ಹಟ್ಟಿಯಲ್ಲಿ ಹಾಲು ಕರೀತಿದ್ರು, ಸುಣ್ಣ ಅರಳಿಸೋ ಕೆಲಸ ದೊಡ್ಡ ಮಗಳದ್ದು. ಹಂಡೆಗೆ ಉಂಡೆ ಹಾಕಿ ಬಗ್ಗಿ ನೋಡಿದ್ರಂತೆ, ಸಿಡೀತು. ಯಾರೋ ಹರಳೆಣ್ಣೆ ಬಿಟ್ರು. ಮನೆ ತುಂಬಾ ಹಬ್ಬದ ಕೆಲಸ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದು ಮಾರನೇ ದಿನ. ಅಷ್ಟೊತ್ತಿಗೆ ಮುಗಿದಿತ್ತು. ಕ್ಷಾರ ಕಣ್ಣಿಗೆ ಬಿದ್ರೆ ಒಳಗೆ ಇಳೀತಾನೇ ಹೋಗುತ್ತೆ. ಆ ಕ್ಷಣದಲ್ಲೇ ಶುದ್ಧ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಬಿಡದೆ ತೊಳೆದು ಆಸ್ಪತ್ರೆಗೆ ಓಡಬೇಕು, ಎಣ್ಣೆ ಗಿಣ್ಣೆ ಏನೂ ಹಾಕಬಾರದು. ಎಲೆ ಅಡಿಕೆ ಸುಣ್ಣದ ಪ್ಯಾಕೆಟ್ ಹಿಸುಕಿ ಆಟ ಆಡೋ ಮಕ್ಕಳಿಗೆ ಈಗಲೂ ಹೀಗಾಗುತ್ತೆ. ಮನೇಲಿ ಚಿಕ್ಕ ಮಕ್ಕಳಿದ್ರೆ ದಯವಿಟ್ಟು ಈ ಭಾಗ ಮರೀಬೇಡಿ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಎಷ್ಟು ಸಲ ಹೇಳಿದೀನೋ ಈ ಗಾದೆನ, ಆಫೀಸ್‌ನಲ್ಲಿ ಪ್ರಮೋಷನ್ ವಿಷಯಕ್ಕೆಲ್ಲಾ. ಇನ್ನೊಂದು ಸಲ ಬಾಯಿಗೆ ಬರುತ್ತೋ ಇಲ್ವೋ.

"ಪೇಂಟ್ ಬಂದಾಗ ನಿಮಗೆ ಬೇಜಾರಾಯ್ತಾ?" ಅಂತ ಕೇಳಿದೆ. ನಕ್ಕರು. "ಬೇಜಾರ್ಯಾಕೆ? ನಿಮ್ಮಜ್ಜಿ ಬೆರಳ ಸಂದಿ ಉಗಾದಿ ಒಬ್ಬಟ್ಟು ತಟ್ಟೋ ಹೊತ್ತಿಗೆ ಬಿರಿದು ರಕ್ತ ಬರ್ತಿತ್ತು. ಪೇಂಟ್ ಹೊಡೆಸಿದ ವರ್ಷ ಅವಳು ಹಬ್ಬದ ದಿನ ಮೊದಲನೇ ಸಲ ಹೊಸ ಸೀರೆ ಉಟ್ಕೊಂಡು ಜಗುಲಿ ಮೇಲೆ ಕೂತಿದ್ಳು."

ನಾನು ಬರೆದಿಟ್ಟಿದ್ದ ಸ್ಕ್ರಿಪ್ಟ್‌ನಲ್ಲಿ, ಸುಣ್ಣ ಅಗ್ಗ ಅಂತ ಆರು ಕಡೆ ಇತ್ತು. ಅಗ್ಗ ಆಗಿದ್ದು ಹೇಗೆ ಅಂದ್ರೆ, ಕೂಲಿ ಲೆಕ್ಕಕ್ಕೆ ಹಿಡೀದೇ ಇದ್ದಿದ್ದರಿಂದ. ಆ ಆರೂ ಸಾಲು ಅಳಿಸಿದೆ. ಸುಣ್ಣ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಗೋಡೆಗೆ ಉಸಿರಾಡೋಕೆ ಬಿಡುತ್ತೆ, ಬೇಸಿಗೆಗೆ ತಂಪು. ಕನ್ನಡಕ, ಗ್ಲೌಸ್ ಹಾಕ್ಕೊಂಡು, ಕೂಲಿ ಕೊಟ್ಟು ಮಾಡಿಸೋರು ಈಗಲೂ ಇದಾರೆ, ಚೆನ್ನಾಗೇ ಇರುತ್ತೆ. ಆದ್ರೆ ಅಜ್ಜಿ ಕಾಲದ ಜೀರೋ ಕಾಸ್ಟ್ ಹ್ಯಾಕ್ ಅಂತ ಯಾರಾದ್ರೂ ರೀಲ್ ಕಳಿಸಿದ್ರೆ ನಾನಂತೂ ಫಾರ್ವರ್ಡ್ ಮಾಡಲ್ಲ.

ಇಷ್ಟೆಲ್ಲಾ ಆದ ಮೇಲೆ ನನ್ನ ಹಾಲ್ ಏನಾಯ್ತು ಅಂತ ಹೇಳ್ಬೇಕಲ್ಲ. ಚಿಕ್ಕಪೇಟೆಯಲ್ಲಿ ತುಂಡು ಬಟ್ಟೆ ಮಾರೋ ಕಡೆಯಿಂದ ಅರಿಶಿನ ಬಣ್ಣದ ಕಾಟನ್ ಬಟ್ಟೆ ತಂದು ದಿವಾನ್‌ಗೆ, ಎರಡು ದಿಂಬಿಗೆ ಹೊಲಿಸಿದೆ, 520 ರೂಪಾಯಿ. ಪಾಟರಿ ಟೌನ್‌ನಿಂದ ಎರಡು ಮಣ್ಣಿನ ಕುಂಡ, 180. ಅದರಲ್ಲಿ ಪಕ್ಕದ ಮನೆಯವರು ಕೊಟ್ಟ ಮನಿಪ್ಲಾಂಟ್ ಕಡ್ಡಿ. ದಪ್ಪ ಕರ್ಟನ್ ತೆಗೆದು ಅಮ್ಮನ ಹಳೇ ಇಳಕಲ್ ಸೀರೆ ಹಾಕಿದೆ. ಬೆಳಗಿನ ಬಿಸಿಲು ಅದರ ಮೂಲಕ ಬಂದಾಗ ನೆಲದ ಮೇಲೆ ಕೆಂಪು ಅಂಚು ಬೀಳುತ್ತೆ. ಕೆ. ಆರ್. ಮಾರ್ಕೆಟ್‌ನಲ್ಲಿ ಉಗಾದಿ ಹಿಂದಿನ ದಿನ ಮಾವಿನೆಲೆ, ಬೇವು, ಒಂದು ಮಾರು ಚೆಂಡುಹೂ, ಎಲ್ಲಾ ಸೇರಿ 170. ತೋರಣಾನ ಬಾಗಿಲ ಚೌಕಟ್ಟಿಗೆ ಕಟ್ಟೋಕೆ ಮೊಳೆ ಇಲ್ಲ, ಅದಕ್ಕೆ ಒಂದು ಸ್ಪ್ರಿಂಗ್ ರಾಡ್ ಸಿಗಿಸಿದೆ, 120. ಒಟ್ಟು 990. ಅಂಗಡಿಯವನು ಹತ್ತು ರೂಪಾಯಿಗೆ ಚಾಕಲೇಟ್ ಕೊಟ್ಟ.

ಅಜ್ಜಿಯ ಹನ್ನೊಂದು ಫ್ರೇಮ್‌ಗಳಲ್ಲಿ ಒಂದು ನನಗೆ ಸಿಕ್ಕಿತ್ತು. ಕಮಲದ ಮೇಲೆ ನಿಂತ ಲಕ್ಷ್ಮಿ, ಮೂಲೆಯಲ್ಲಿ ಗೆದ್ದಲು ತಿಂದ ಗುರುತು. ತೂಗುಹಾಕೋ ಹಾಗಿಲ್ಲವಲ್ಲ, ಪುಸ್ತಕದ ಶೆಲ್ಫ್ ಮೇಲೆ ಗೋಡೆಗೆ ಒರಗಿಸಿ ಇಟ್ಟಿದೀನಿ.

ಹಬ್ಬದ ದಿನ ಸಾಯಂಕಾಲ ದೊಡ್ಡಮ್ಮ ಬಂದ್ರು. ಹಾಲ್ ಮಧ್ಯೆ ನಿಂತು, ಒಳ್ಳೇ ಕಣ್ಣಿನ ಕಡೆಗೆ ಮುಖ ತಿರುಗಿಸಿ ಎಲ್ಲಾ ನೋಡಿದ್ರು. ಸೀರೆ ಮುಟ್ಟಿ, ಇದು ನಿಮ್ಮಮ್ಮಂದು ಅಂದ್ರು. ದಿವಾನ್ ಮೇಲೆ ಕೂತು, ಗೋಡೆಗೆ ಒರಗಿದ್ರು. ತಕ್ಷಣ ಮುಂದೆ ಸರಿದು ಸೆರಗು ಝಾಡಿಸಿಕೊಂಡ್ರು, ಸುಣ್ಣ ಹತ್ತಿದೆಯೇನೋ ಅಂತ. ಆಮೇಲೆ ತಾವೇ ನಕ್ಕು ಮತ್ತೆ ಒರಗಿ ಕೂತ್ರು.